ಮರಳಿಗೆ ಹೋಗಿ ನಿಂತ ಬೆಟ್ಟದ ರೈಲು

ನಾನು ಚಿಕ್ಕವನಿದ್ದಾಗ ಕೋಪ ನನ್ನ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು. ಈಗ ಬಹಳ ಕಡಿಮೆಯಾಗಿದೆ. ಮೊಮ್ಮಕ್ಕಳಾ, ನೀವಿಬ್ಬರೂ ಮುಸಿಮುಸಿ ನಗಬೇಡಿ, ನಿಜವಾಗಿಯೂ ಕಡಿಮೆಯಾಗಿದೆ. ಒಂದು ಇಡೀ ಭಾನುವಾರವನ್ನು ನಾನು ಆ ಕೋಪದಲ್ಲೇ ಕಳೆದಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆಗ ಈ ಊರಿಗೆ ಮದ್ರಾಸು ಅಂತಲೇ ಹೆಸರು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಎಗ್ಮೋರ್ ಸ್ಟೇಷನ್ನಿನ ಹತ್ತಿರ ಕ್ವಾರ್ಟರ್ಸಿನಲ್ಲಿದ್ದೆವು. ಹಿತ್ತಿಲ ಗೋಡೆಯಾಚೆ ಎಂಜಿನ್ನುಗಳು ಹಗಲೆಲ್ಲ ಬುಸುಗುಟ್ಟುತ್ತಿದ್ದವು. ಒಣಹಾಕಿದ ಬಟ್ಟೆಯ ಮೇಲೆ ಮಸಿ ಕೂತು ಅಮ್ಮ ದಿನವೂ ಗೊಣಗುತ್ತಿದ್ದಳು. ಆ ಬೇಸಿಗೆಯಲ್ಲಿ ಅಜ್ಜ, ಅಂದರೆ ಅಪ್ಪನ ಅಪ್ಪ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಊರಿನಿಂದ ಬಂದು ನಮ್ಮ ಮನೆಯಲ್ಲಿದ್ದರು. ಆಸ್ಪತ್ರೆಯವರು ಪಟ್ಟಿ ಬಿಚ್ಚಿ ದಪ್ಪ ಗಾಜಿನ ಕನ್ನಡಕ ಕೊಟ್ಟಿದ್ದರು. ಭಾನುವಾರ ಸಂಜೆಯ ರೈಲಿಗೆ ಅವರು ಹೊರಡುವವರಿದ್ದರು.

ಅಜ್ಜ ಹರೆಯದಲ್ಲಿ ಚಿಕ್ಕಮಗಳೂರು ಕಡೆಯ ಒಂದು ಬೆಟ್ಟದಲ್ಲಿ ಪುಟ್ಟ ರೈಲಿನ ಬ್ರೇಕ್ ಹಿಡಿಯುವ ಕೆಲಸ ಮಾಡಿದ್ದರು. ಮೇಲೆ ಕಬ್ಬಿಣದ ಅದಿರಿನ ಗಣಿ, ಕೆಳಗೆ ಸ್ಟೇಷನ್. ಅದಿರು ತುಂಬಿದ ಡಬ್ಬಿಗಳು ಎಂಜಿನ್ ಇಲ್ಲದೆ ತಮ್ಮ ಭಾರಕ್ಕೇ ಇಳಿಯುತ್ತಿದ್ದವು. ಹಿಂದಿನ ಡಬ್ಬಿಯಲ್ಲಿ ನಿಂತು ಬ್ರೇಕಿನ ಚಕ್ರ ತಿರುಗಿಸುತ್ತಾ ಅವುಗಳ ಓಟವನ್ನು ಹಿಡಿದಿಡಬೇಕಿತ್ತು. ಆ ಹಳಿಗಳನ್ನು ಎಂದೋ ಕಿತ್ತು ಗುಜರಿಗೆ ಹಾಕಿದ್ದರು. "ಕಣ್ಣೇನೋ ಬಂತು. ನಮ್ಮ ಬೆಟ್ಟದ ರೈಲು ನೋಡೋಣ ಅಂದ್ರೆ ಅದೇ ಇಲ್ವಲ್ಲೋ" ಎಂದರು ಶನಿವಾರ ಕಾಫಿ ಕುಡಿಯುತ್ತಾ. "ನಾನು ಮಾಡಿ ತೋರಿಸ್ತೀನಿ ಅಜ್ಜ!" ಎಂದು ಎದೆ ತಟ್ಟಿಕೊಂಡುಬಿಟ್ಟೆ. ಅವರು ಹೊರಡುವುದರೊಳಗೆ ನನ್ನ ರೈಲು ಬೆಟ್ಟದಿಂದ ಇಳಿದು ಸ್ಟೇಷನ್ನು ಮುಟ್ಟಲೇಬೇಕಿತ್ತು.

ಅಂದೇ ಸಂಜೆ ಅಪ್ಪ, ಅಕ್ಕ ಮತ್ತು ನಾನು ಹಿತ್ತಿಲಲ್ಲಿ ಇಟ್ಟಿಗೆ ಚೂರು ಪೇರಿಸಿ, ಮಣ್ಣು ಮೆತ್ತಿ, ನನ್ನ ಎದೆಯೆತ್ತರದ ಬೆಟ್ಟ ಕಟ್ಟಿದೆವು. ರಂಗೋಲಿಗೆ ಅಂಚು ಬಳಿಯಲು ಇಟ್ಟಿದ್ದ ಕೆಮ್ಮಣ್ಣನ್ನು ಅಮ್ಮ ಕೊಟ್ಟಳು. ಅದು ನಮ್ಮ ಅದಿರು. ಮುರಿದ ಕೊಡೆಗಳ ಕಡ್ಡಿಯೇ ಹಳಿ. ಬೆಂಕಿಪೊಟ್ಟಣವೇ ಡಬ್ಬಿ. ಅಕ್ಕ ಹೊಲಿಗೆ ದಾರದ ಮರದ ಉರುಳೆಗಳನ್ನು ಕೊಯ್ದು ಗಾಲಿ ಮಾಡಿದಳು. ಅವುಗಳ ಅಂಚು ಕೊಡೆ ಕಡ್ಡಿಯ ಮೇಲೆ ಸರಿಯಾಗಿ ಕೂರುತ್ತಿತ್ತು.

ಭಾನುವಾರ ಬೆಳಿಗ್ಗೆ ಬಿಸಿಲೇರಿದ ಮೇಲೆ ನೋಡಿದರೆ ಬೆಟ್ಟದ ತುಂಬ ಬಿರುಕು! ಮದ್ರಾಸಿನ ಬಿಸಿಲಿಗೆ ಇನ್ನೇನಾಗುತ್ತದೆ? ನೀರು ಚಿಮುಕಿಸಿದರೆ ಹಳಿ ಮಣ್ಣಲ್ಲಿ ಹೂತುಹೋಯಿತು. ನೀರು ನಿಲ್ಲಿಸಿದರೆ ಹಳಿಗೆ ಹೊಡೆದ ಮೊಳೆಗಳು ಕಿತ್ತು ಬಂದವು. ಕಾಗೆಯೊಂದು ಕೊಡೆ ಕಡ್ಡಿ ಕಚ್ಚಿಕೊಂಡು ಹಾರಿತು. "ಸುಮ್ನೆ ಕೂತ್ಕೊ, ನೀನು ಮುಟ್ಟಿದ್ದೆಲ್ಲ ಮುರಿಯುತ್ತೆ" ಎಂದು ಅಕ್ಕ ಬೇರೆ ಗದರಿದಳು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಕೈಗೆಲ್ಲ ಕೆಮ್ಮಣ್ಣು. ಕರೆಯುವವರೆಗೆ ಹಿತ್ತಿಲಿಗೆ ಬರಲೇಕೂಡದು ಎಂದು ಅಜ್ಜನಿಗೆ ಆಣೆ ಹಾಕಿದ್ದೆ. ಅವರು ಒಳಗಿನಿಂದಲೇ "ಆಯ್ತೇನೋ?" ಎಂದು ಕೂಗುತ್ತಿದ್ದರು.

ಇದೆಲ್ಲ ಸಾಲದು ಅಂತ ಅಪ್ಪನ ಹಟ ಬೇರೆ. ಇಳಿಜಾರಿನ ಅರ್ಧದಲ್ಲಿ ಪಕ್ಕಕ್ಕೊಂದು ಹಳಿ ಕವಲೊಡೆಯಬೇಕಂತೆ. ಅದು ಕೆಳಗೆ ಹೋಗದೆ ಏರಿನ ಕಡೆ ತಿರುಗಿ, ಒಂದು ಮರಳಿನ ಗುಡ್ಡೆಯಲ್ಲಿ ಮುಗಿಯಬೇಕಂತೆ. ಅದರ ಹೆಸರು ಕ್ಯಾಚ್ ಸೈಡಿಂಗ್. ಕವಲಿನ ಹಳಿ ಯಾವಾಗಲೂ ಆ ಮರಳಿನ ಕಡೆಗೇ ತಿರುಗಿರಬೇಕು. ಗಾಡಿ ಅಲ್ಲಿಗೆ ಬಂದು ನಿಂತು, ಸೀಟಿ ಊದಿ, ಬ್ರೇಕ್ ಸರಿಯಿದೆ ಅಂತ ತೋರಿಸಿದ ಮೇಲಷ್ಟೇ ಸ್ಟೇಷನ್ನಿನ ಕಡೆ ದಾರಿ ಬಿಡುವುದು. "ನಮ್ಮದು ಆಟದ ರೈಲಪ್ಪ, ಇದೆಲ್ಲ ಯಾಕೆ?" ಎಂದೆ. "ಅದಿಲ್ದೆ ಆ ಲೈನೇ ಇಲ್ಲ" ಎಂದು ಅಪ್ಪ ತಲೆಯೆತ್ತದೆ ಮೊಳೆ ಹೊಡೆದರು.

ಮಧ್ಯಾಹ್ನ ಕಳೆದ ಮೇಲೆ ಕೊನೆಗೂ ಡಬ್ಬಿಗಳನ್ನು ತುದಿಯಿಂದ ಬಿಟ್ಟೆ. ಗಡಗಡ ಇಳಿದು, ತಿರುವು ದಾಟಿ, ಸೀದಾ ಮರಳಿಗೆ ನುಗ್ಗಿ ಮಗುಚಿದವು. ಮತ್ತೆ ಬಿಟ್ಟೆ, ಮತ್ತೆ ಮರಳು. ಗೋಡೆಯ ಮೇಲೆ ಕೂತಿದ್ದ ಪಕ್ಕದ ಮನೆ ಹುಡುಗರು, "ಎನ್ನಡಾ, ಉನ್ ರೈಲು ಮಣ್ಣುಲ ಪೋಯ್ ಪಡುತ್ತುಕಿಚ್ಚು!" ಎಂದು ಕೇಕೆ ಹಾಕಿದರು. ರೈಲು ಹೋಗಿ ಮಣ್ಣಲ್ಲಿ ಮಲಗಿತಂತೆ! ನನಗೆ ಅಳುವೇ ಬಂತು.

"ಅಪ್ಪ, ಮೊದಲೇ ಸ್ಟೇಷನ್ ಕಡೆ ತಿರುಗಿಸಿ ಇಡಿ" ಎಂದು ಬೇಡಿದೆ.

"ಗಾಡಿ ನಿಲ್ಲಲಿ, ಆಮೇಲೆ."

"ಬೆಂಕಿಪೊಟ್ಟಣ ಹ್ಯಾಗಪ್ಪಾ ನಿಲ್ಲುತ್ತೆ? ಅದಕ್ಕೇನು ಬ್ರೇಕ್ ಇದ್ಯಾ?"

"ಬ್ರೇಕ್ ಇಲ್ದೆ ಇರೋ ಗಾಡಿ ಮರಳಿಗೇ ಹೋಗ್ಬೇಕು" ಎಂದರು ಅಪ್ಪ. ಇಂಥವರ ಹತ್ತಿರ ಏನು ಮಾತಾಡುವುದು ಹೇಳಿ!

ಅಕ್ಕ ಹಿಂದಿನ ಡಬ್ಬಿಗೆ ದಾರ ಕಟ್ಟಿದಳು. ಅದನ್ನು ಮೆಲ್ಲಗೆ ಸಡಿಲಿಸುತ್ತಾ ಇಳಿಸಿದರೆ ಬೇಕಾದಲ್ಲಿ ನಿಲ್ಲಿಸಬಹುದಿತ್ತು. ಆದರೆ ದಾರ ಮೊಳೆಗೆ ಸಿಕ್ಕಿಕೊಂಡಿತು. ಬಿಡಿಸಿದರೆ ಗಂಟಾಯಿತು. ಗಂಟು ಬಿಚ್ಚುತ್ತಿರುವಾಗಲೇ ಅಮ್ಮ ಬಂದು, "ರಿಕ್ಷಾ ಬಂತು, ಸಾಕು ಏಳ್ರೋ" ಎಂದಳು.

ಅಜ್ಜ ಕೋಟು ಹಾಕಿಕೊಂಡು, ಕೊಡೆ ಹಿಡಿದು ಹಿತ್ತಿಲಿಗೆ ಬಂದರು. ಬೆಟ್ಟವನ್ನು ಮೇಲಿನಿಂದ ಕೆಳಗೆ ನೋಡಿದರು. ನಾನು ದಾರ ಹಿಡಿದು ಡಬ್ಬಿಗಳನ್ನು ಇಳಿಸತೊಡಗಿದೆ. ಎರಡು ಗೇಣು ಚೆನ್ನಾಗಿಯೇ ಇಳಿದವು. ಆಮೇಲೆ ಪಟ್ಟೆಂದು ದಾರ ಹರಿಯಿತು. ಡಬ್ಬಿಗಳು ಕಿತ್ತುಕೊಂಡು ಓಡಿ, ಕವಲಿಗೆ ತಿರುಗಿ, ಮರಳಲ್ಲಿ ಮುಖ ಹುದುಗಿಸಿ ಬಿದ್ದವು.

"ಹಾಳಾಗಿ ಹೋಗ್ಲಿ! ಎಲ್ಲ ಅಪ್ಪನಿಂದಲೇ!" ಎಂದು ನಾನು ಗೊಳೋ ಎಂದು ಅತ್ತೆ.

ಅಜ್ಜ ಕೊಡೆಯನ್ನು ಅಕ್ಕನ ಕೈಗೆ ಕೊಟ್ಟು ಮರಳಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಅಪ್ಪನ ಕಡೆ ತಿರುಗಿ, "ಇದನ್ನೂ ಹಾಕ್ಸಿದ್ಯಾ?" ಎಂದರು. ಆಮೇಲೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡರು. "ಅವತ್ತು ಜೋರು ಮಳೆ. ಬ್ರೇಕಿನ ಸರಪಳಿ ಕಿತ್ಕೊಂಡ್ ಹೋಯ್ತು. ಚಕ್ರ ಎಷ್ಟು ತಿರುಗ್ಸಿದ್ರೂ ಗಾಡಿ ನಿಲ್ತಾನೇ ಇಲ್ಲ. ಹಾರೋಣ ಅಂದ್ರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಮುಗೀತು ಅಂದ್ಕೊಂಡೆ. ಗಾಡಿ ತಾನಾಗೇ ಈ ಹಳಿಗೆ ತಿರುಗಿ, ಏರು ಹತ್ತಿ, ಮರಳಿಗೆ ಹೋಗಿ ನಿಂತ್ಕೊಳ್ತು. ಬಾಯಿ ತುಂಬ ಮರಳು ಕಣೋ. ಉಗುಳ್ತಾ ಉಗುಳ್ತಾ ಮನೆಗೆ ಹೋದೆ. ನಿಮ್ಮಪ್ಪ ಆಗ ಇನ್ನೂ ಹುಟ್ಟಿರ್ಲಿಲ್ಲ."

ಬೀದಿಯಿಂದ ರಿಕ್ಷಾದವನು "ನೇರಮಾಚ್ಚು ಪೆರಿಯವರೇ!" ಎಂದು ಅವಸರ ಮಾಡಿದ. ಅಜ್ಜ ಏಳಲಿಲ್ಲ. "ಇನ್ನೊಂದ್ಸಲ ಬಿಡು" ಎಂದರು.

"ಸ್ಟೇಷನ್ ಕಡೆಗಾ?"

"ಬೇಡ. ಇಲ್ಲಿಗೇ ಬರ್ಲಿ."

ಬಿಟ್ಟೆ. ಡಬ್ಬಿಗಳು ಮತ್ತೆ ಮರಳಿಗೆ ಬಂದು ನಿಂತವು. ಅಜ್ಜ ಕನ್ನಡಕ ತೆಗೆದರು. "ಆಪರೇಷನ್ ಆದ ಕಣ್ಣು ಮಾವ, ಅಳಬಾರ್ದು" ಎಂದು ಅಮ್ಮ ಗದರಿದಳು.

ಅಜ್ಜನನ್ನು ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬರುವಾಗಲೂ ನನ್ನ ಕೋಪ ಇಳಿದಿರಲಿಲ್ಲ. "ಮೊದಲೇ ಹೇಳಬಾರದಿತ್ತಾ ಅಪ್ಪ?" ಎಂದೆ. "ಬೆಳಿಗ್ಗೆಯಿಂದ ನೀನು ಯಾರ ಮಾತು ಕೇಳಿದೀಯ?" ಎಂದರು ಅಪ್ಪ. ನನ್ನ ರೈಲು ಅಂದು ಸ್ಟೇಷನ್ನು ಮುಟ್ಟಲೇ ಇಲ್ಲ.

ಈಗ ನೋಡಿ, ಶೋಳಿಂಗನಲ್ಲೂರಿನ ಈ ಫ್ಲ್ಯಾಟಿನಲ್ಲಿ, ಫ್ಯಾನಿನ ಕೆಳಗೆ, ನೀವಿಬ್ಬರು ಅದೇ ಬೆಟ್ಟದ ರೈಲು ಕಟ್ಟುತ್ತಿದ್ದೀರಿ. ನಿಮ್ಮ ಬೆಟ್ಟ ಥರ್ಮೋಕೋಲಿನದು, ಬಿರುಕು ಬಿಡುವುದಿಲ್ಲ. ಹಳಿ ಪೆಟ್ಟಿಗೆಯಲ್ಲೇ ಬರುತ್ತದೆ, ಕಾಗೆ ಕಚ್ಚುವುದಿಲ್ಲ. ಫೋನಿನ ಮೇಲೆ ಬೆರಳಿಟ್ಟರೆ ನಿಮ್ಮ ರೈಲು ಹೇಳಿದಲ್ಲಿ ನಿಲ್ಲುತ್ತದೆ, ಹೇಳಿದಲ್ಲಿ ಹೊರಡುತ್ತದೆ. ನನಗೆ ಹೊಟ್ಟೆಕಿಚ್ಚೇ ಆಗುತ್ತದೆ ಅನ್ನಿ. ನಾನು ಪಟ್ಟುಹಿಡಿದು ಹಾಕಿಸಿದ ಆ ಪಕ್ಕದ ಹಳಿಯನ್ನು ತೋರಿಸಿ ಇವತ್ತು, "ತಾತಾ, ಇಂದ ಟ್ರ್ಯಾಕ್ ಎಂಗೇಯುಂ ಪೋಗಲೆ, ವೇಸ್ಟ್!" ಎಂದಿರಿ. ಎಲ್ಲಿಗೂ ಹೋಗದ ಹಳಿಯಂತೆ!

ಅಲ್ರೋ, ಅಜ್ಜ ಆ ಹಳಿಯ ಮೇಲೆ ಹೋಗಿ ನಿಂತದ್ದಕ್ಕೇ ಅಪ್ಪ ಹುಟ್ಟಿದರು, ನಾನು ಹುಟ್ಟಿದೆ, ನಿಮ್ಮಮ್ಮ ಹುಟ್ಟಿದಳು. ಈಗ ನೀವಿಬ್ಬರೂ ಹುಟ್ಟಿ ಬಂದು, ಸ್ಕ್ರೂಡ್ರೈವರ್ ಹಿಡಿದುಕೊಂಡು ಅದನ್ನೇ ಕೀಳಲು ಕೂತಿದ್ದೀರಿ.