ಹತ್ತೊಂಬತ್ತು ಗಿಟಾರುಗಳ ಅಂಟು

2003ರಲ್ಲಿ ನಾನು ಅಹಮದಾಬಾದಿನ ವಟ್ವಾದಲ್ಲಿದ್ದ ಒಂದು ಅಂಟಿನ ಕಾರ್ಖಾನೆಯ ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಊರು ದಾವಣಗೆರೆ. ಪತಿಗೆ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯಲ್ಲಿ ಕೆಲಸವಾದ್ದರಿಂದ ಗುಜರಾತಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಪ್ಲೈವುಡ್ಡಿಗೆ ಯಾವ ಅಂಟು, ಬಾಗಿಲಿಗೆ ಯಾವುದು, ಚಪ್ಪಲಿಗೆ ಯಾವುದು ಎಂದು ಪರೀಕ್ಷಿಸಿ ಗ್ರಾಹಕರಿಗೆ ಪತ್ರ ಬರೆದುಕೊಡುವುದು ನನ್ನ ಕೆಲಸ. ಅಂಥ ಪತ್ರಗಳನ್ನು ಎಷ್ಟು ಬರೆದೆನೋ ಲೆಕ್ಕವಿಲ್ಲ. ನೆನೆದರೆ ಇಂದಿಗೂ ಹೆದರಿಕೆಯಾಗುವುದು ಒಂದೇ ಒಂದು ಪತ್ರದಿಂದ.

ಆ ವರ್ಷದ ನವೆಂಬರ್‌ನಲ್ಲಿ ಜಯಂತಿಭಾಯಿ ಎಂಬ ಅರವತ್ತರ ಹತ್ತಿರದ ಮನುಷ್ಯ ಒಂದು ಚೀಲದ ತುಂಬ ಮರದ ತುಂಡುಗಳನ್ನು ಹೊತ್ತುಕೊಂಡು ನಮ್ಮ ಲ್ಯಾಬಿಗೆ ಬಂದರು. ವಡೋದರಾದ ಮಂಜಲ್‌ಪುರದವರು. ಎರಕದ ಕಾರ್ಖಾನೆಯೊಂದರಲ್ಲಿ ಮರದ ಅಚ್ಚು ಮಾಡುತ್ತಿದ್ದವರು. ಅದು ಮುಚ್ಚಿದ ಮೇಲೆ ಮನೆಯ ಹಿಂದಿನ ಶೆಡ್ಡಿನಲ್ಲಿ ಗಿಟಾರ್ ತಯಾರಿಸಲು ಕಲಿತಿದ್ದರು. ಅಲ್ಲಿಯವರೆಗೆ ಅವರು ಬಳಸುತ್ತಿದ್ದುದು ಸರೇಸ್. ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡುವ ಹಳೆಯ ಅಂಟು. ನಮ್ಮ ಕಡೆ ಬಡಗಿಗಳು ಅದನ್ನೇ ವಜ್ರ ಎನ್ನುತ್ತಾರೆ. ಅವರದು ವೈಷ್ಣವ ಮನೆತನ. ಮನೆಯಲ್ಲಿ ಠಾಕೂರ್‌ಜಿಯ, ಅಂದರೆ ಕೃಷ್ಣನ, ಸೇವೆ ನಡೆಯುವಾಗ ಹಿತ್ತಲಲ್ಲಿ ಚರ್ಮ ಬೇಯುವ ವಾಸನೆ ಬರುತ್ತದೆ, ಇನ್ನು ಇದು ನನ್ನಿಂದಾಗದು ಎಂದರು. ಜೀವಹಿಂಸೆಯಿಲ್ಲದ, ಅಷ್ಟೇ ಗಟ್ಟಿಯಾದ ಅಂಟು ಅವರಿಗೆ ಬೇಕಿತ್ತು. ಸೂರತ್‌ನ ಸಂಗೀತ ಶಿಕ್ಷಕಿಯೊಬ್ಬರು ಹದಿನೆಂಟು ಗಿಟಾರು ಕೇಳಿದ್ದರು.

ಗಿಟಾರಿನ ಮುಖದ ಹಲಗೆಯ ಮೇಲೆ ಬ್ರಿಡ್ಜ್ ಎಂಬ ಒಂದು ಸಣ್ಣ ಮರದ ಪಟ್ಟಿ ಇರುತ್ತದೆ. ಆರು ಉಕ್ಕಿನ ತಂತಿಗಳ ಒಂದು ತುದಿ ಇರುವುದು ಅದರಲ್ಲಿ. ಶ್ರುತಿ ಮಾಡಿದಾಗ ಅವೆಲ್ಲ ಸೇರಿ ಸುಮಾರು ಎಪ್ಪತ್ತು ಕಿಲೋ ಬಲದಿಂದ ಅದನ್ನು ಎಳೆಯುತ್ತವೆ. ಜಯಂತಿಭಾಯಿಯ ಬ್ರಿಡ್ಜಿಗೆ ಮೊಳೆಯಾಗಲಿ ಸ್ಕ್ರೂ ಆಗಲಿ ಇರಲಿಲ್ಲ. ಅಷ್ಟೂ ಭಾರವನ್ನು ಹಿಡಿಯಬೇಕಾದ್ದು ಕಾಗದಕ್ಕಿಂತ ತೆಳುವಾದ ಒಂದು ಅಂಟಿನ ಪದರ.

ನಾನು ನಮ್ಮ ಕಾರ್ಖಾನೆಯ ಬಿಳಿ ಅಂಟನ್ನು ಆರಿಸಿದೆ. ಎರಡು ತುಂಡು ಅಂಟಿಸಿ, ಒಂದು ದಿನ ಒಣಗಿಸಿ, ಯಂತ್ರಕ್ಕೆ ಕೊಟ್ಟು ಎಳೆದೆ. ಮರ ಸೀಳಿತು, ಅಂಟು ಬಿಡಲಿಲ್ಲ. ಐದು ಸಲವೂ ಹಾಗೇ ಆಯಿತು. ಪ್ರತಿ ಪರೀಕ್ಷೆ ಎರಡೇ ನಿಮಿಷದ್ದು. "ಗಿಟಾರಿನ ಎಲ್ಲ ಜೋಡಣೆಗೂ ಸೂಕ್ತ" ಎಂದು ಬರೆದು ಸಹಿ ಮಾಡಿದೆ. ಜಯಂತಿಭಾಯಿ ಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋದರು. ಜನವರಿಯಲ್ಲಿ ಹದಿನೆಂಟು ಗಿಟಾರು ಸೂರತ್ ತಲುಪಿದವು. ಹತ್ತೊಂಬತ್ತನೆಯದನ್ನು ನಾನೇ ಕೊಂಡು, ಹದಿಮೂರರ ನನ್ನ ಮಗಳು ವಿಭಾಳಿಗೆ ಕೊಟ್ಟೆ.

2004ರ ಮೇ ತಿಂಗಳ ಒಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಲ್ಯಾಬಿಗೆ ಫೋನು ಬಂತು. ಜಯಂತಿಭಾಯಿ. ಹಿಂದಿನ ದಿನ ಸೂರತ್‌ನ ಆ ಶಿಕ್ಷಕಿ, ರೋಶನ್‌ಬೆನ್, ಕಾರಿನಲ್ಲಿದ್ದ ಗಿಟಾರನ್ನು ತೆಗೆದು ಶ್ರುತಿ ಮಾಡಲು ತಲೆ ಬಗ್ಗಿಸಿದ್ದಾರೆ. ಬ್ರಿಡ್ಜ್ ಕಿತ್ತುಕೊಂಡು ಹಾರಿ ಕಣ್ಣಿನ ಕೆಳಗೆ ಬಡಿದಿದೆ. ನಾಲ್ಕು ಹೊಲಿಗೆ. ಬೆರಳಗಲ ಮೇಲೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಜಯಂತಿಭಾಯಿಯ ದನಿಯಲ್ಲಿ ಆರೋಪವಿರಲಿಲ್ಲ. ತಮ್ಮ ಕೈಯಿಂದಲೇ ಏನೋ ತಪ್ಪಾಗಿರಬೇಕು ಎಂದು ಅವರು ತಿಳಿದಿದ್ದರು. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಅಂದು ಅಂಟಿಸಿ, ಎಳೆಯದೆ ಉಳಿಸಿದ್ದ ಮಾದರಿ ತುಂಡನ್ನು ತೆಗೆದು, ಜೋಡಣೆಗೆ ಅಡ್ಡವಾಗಿ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದೆ. ಅದಕ್ಕೆ ತೂಕ ಕಟ್ಟಿ ಅರವತ್ತು ಡಿಗ್ರಿಯ ಓವನ್ನಿನಲ್ಲಿ ನೇತುಹಾಕಿದೆ. ಮೇ ತಿಂಗಳಲ್ಲಿ ಬಿಸಿಲಿಗೆ ನಿಂತ ಕಾರಿನ ಒಳಗೆ ಅಷ್ಟು ಕಾವು ಇದ್ದೇ ಇರುತ್ತದೆ. ಒಂದು ಗಂಟೆಯ ನಂತರ ಗಾಜಿನೊಳಗೆ ನೋಡಿದೆ. ಗೆರೆ ಎರಡು ತುಂಡಾಗಿತ್ತು. ಕೆಳಗಿನ ಅರ್ಧ ಕೂದಲೆಳೆಯಷ್ಟು ಜಾರಿತ್ತು. ಅಂಟು ಬಿಟ್ಟಿರಲಿಲ್ಲ, ಹರಿಯುತ್ತಿತ್ತು. ನಮ್ಮ ಭಾಷೆಯಲ್ಲಿ ಇದನ್ನು ಕ್ರೀಪ್ ಎನ್ನುತ್ತೇವೆ. ಬಿಳಿ ಅಂಟು ಒಂದು ಏಟಿಗೆ ಬಗ್ಗುವುದಿಲ್ಲ. ಬಿಡದೆ ಎಳೆಯುತ್ತಿದ್ದರೆ, ಅದರ ಮೇಲೆ ಸೆಖೆಯೂ ಸೇರಿದರೆ, ಸದ್ದಿಲ್ಲದೆ ಜಾರುತ್ತದೆ. ಇದನ್ನು ನಾನು ಕಾಲೇಜಿನಲ್ಲೇ ಓದಿದ್ದೆ.

ಸ್ಯಾಟಲೈಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಫೋನ್ ಮಾಡಿದೆ. ರಜೆಯಾದ್ದರಿಂದ ವಿಭಾ ಒಬ್ಬಳೇ ಇದ್ದಳು. ಗಿಟಾರು ಎಲ್ಲಿದೆ ಎಂದು ಕೇಳಿದೆ. ಪಡುವಣ ಕಿಟಕಿಯ ಹತ್ತಿರ, ಮಂಚದ ಮೇಲೆ ಎಂದಳು. ಬ್ರಿಡ್ಜಿನ ಹಿಂದೆ ಸಂದು ಕಾಣುತ್ತಿದೆಯಾ, ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡು ಎಂದೆ. ಅವಳು ರಿಸೀವರ್ ಕೆಳಗಿಟ್ಟು ಹೋದಳು. ಅವಳ ಹೆಜ್ಜೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ.

ಆ ಮೌನದಲ್ಲಿ ನನಗೆ ಹೊಳೆಯಿತು: ಸಂದು ನೋಡಬೇಕಾದರೆ ಅವಳು ಬಗ್ಗಲೇಬೇಕು. ಅವಳ ಮುಖವನ್ನು ಅದರ ಹತ್ತಿರಕ್ಕೆ ಕಳಿಸಿದವಳು ನಾನೇ. ರಿಸೀವರಿನಲ್ಲಿ ಅವಳ ಹೆಸರು ಹಿಡಿದು ಕೂಗಿದೆ. ಇಡೀ ಲ್ಯಾಬು ತಿರುಗಿ ನೋಡಿತು. ಮಂಚದ ಹತ್ತಿರವಿದ್ದ ಅವಳಿಗೆ ಅದು ಕೇಳಿಸುವಂತಿರಲಿಲ್ಲ.

ಎಷ್ಟು ಹೊತ್ತಾಯಿತೋ. ಅವಳು ಬಂದು ತನ್ನ ಎಂದಿನ ಅರೆಬರೆ ಕನ್ನಡದಲ್ಲಿ ಹೇಳಿದಳು: "ಅಮ್ಮಾ, ಕಾರ್ಡು ಆಧಾ ಒಳಗೆ ಹೋಯ್ತು. ಈಸಿಯಾಗಿ ಹೋಯ್ತು."

ಅರ್ಧ ಬ್ರಿಡ್ಜ್ ಆಗಲೇ ಮೇಲೆದ್ದಿತ್ತು. ಗಿಟಾರಿನ ಮೇಲೆ ದಪ್ಪ ರಜಾಯಿ ಹೊದಿಸಿ, ಮುಖ ಆಚೆ ತಿರುಗಿಸಿಕೊಂಡು, ಕೈ ಚಾಚಿ, ತಲೆಯ ಕಡೆಯ ಕೀಲಿಗಳನ್ನು ಒಂದೊಂದಾಗಿ ಸಡಿಲಿಸು ಎಂದೆ. ಒಂದೊಂದು ತಂತಿ ಇಳಿಸಿದಾಗಲೂ ಅವಳು ಅಲ್ಲಿಂದ ಕೂಗಿ ಹೇಳುವುದನ್ನು ಫೋನಿನಲ್ಲಿ ಎಣಿಸುತ್ತಾ ನಿಂತೆ. ಆರನೆಯದು ಇಳಿದ ಮೇಲೆಯೇ ರಿಸೀವರ್ ಇಟ್ಟೆ.

ಸೂರತ್‌ನಲ್ಲಿ ಇನ್ನೂ ಹದಿನೇಳು ಉಳಿದಿದ್ದವು. ಹೆಚ್ಚಿನವು ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿದ್ದವು. ವರ್ಕ್ಸ್ ಮ್ಯಾನೇಜರ್ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರು ಕೆಟ್ಟವರಲ್ಲ. ಪರೀಕ್ಷೆ ನಿಯಮದ ಪ್ರಕಾರವೇ ನಡೆದಿದೆ, ಮಿಸ್ತ್ರಿ ಹೇಗೆ ಅಂಟಿಸಿದನೋ ಯಾರು ಕಂಡವರು, ನಾವಾಗಿ ಹೋದರೆ ತಪ್ಪೊಪ್ಪಿಕೊಂಡಂತೆ ಎಂದರು. ಕೊನೆಗೆ, "ನೀವು ಸೂರತ್‌ಗೆ ಹೋದರೆ ರಜೆಯ ಮೇಲೆ ಹೋಗ್ತೀರಿ. ಕಾರ್ಖಾನೆಯ ಪರವಾಗಿ ಅಲ್ಲ" ಎಂದರು. ರಜೆಯ ಅರ್ಜಿ ಬರೆದುಕೊಟ್ಟೆ.

ರೋಶನ್‌ಬೆನ್‌ಗೆ ಫೋನಿನಲ್ಲಿ ಹೇಳಿ, ನಾವು ಬರುವವರೆಗೆ ಗಿಟಾರಿನ ಹತ್ತಿರ ಹೋಗಬೇಡಿ ಎಂದು ಸಾಧ್ಯವಾದ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿದೆವು. ಆದರೂ ಕಣ್ಣಾರೆ ನೋಡದೆ ನನಗೆ ಸಮಾಧಾನವಿರಲಿಲ್ಲ. ಮರುದಿನ ಬೆಳಗಿನ ರೈಲು ಹಿಡಿದೆ. ವಡೋದರಾದಲ್ಲಿ ಜಯಂತಿಭಾಯಿ ಹತ್ತಿದರು. ತಪ್ಪು ಅವರ ಕೈಯದಲ್ಲ, ನನ್ನ ಪತ್ರದ್ದು ಎಂದು ಅವರಿಗೆ ಹೇಳಿದೆ. 

ರೋಶನ್‌ಬೆನ್ ಐವತ್ತರ ಪಾರ್ಸಿ ಮಹಿಳೆ. ಕೆನ್ನೆಗೆ ಬ್ಯಾಂಡೇಜು, ಒಂದು ಕಣ್ಣು ಊದಿ ಮುಚ್ಚಿತ್ತು. ಪತ್ರಕ್ಕೆ ಸಹಿ ಮಾಡಿದವಳು ನಾನೇ ಎಂದು ಹೇಳಿ, ಯಂತ್ರದ ಪರೀಕ್ಷೆಯನ್ನು ವಿವರಿಸಿದೆ. ಎಷ್ಟು ಹೊತ್ತು ಎಳೆದಿರಿ ಎಂದು ಕೇಳಿದರು. ಎರಡು ನಿಮಿಷ ಎಂದೆ.

"ನನ್ನ ತಂತಿಗಳು ನಾನು ಮಲಗಿದಾಗಲೂ ಎಳೀತಾ ಇರ್ತವೆ, ಬೆನ್" ಎಂದರು. ಆಮೇಲೆ ಡ್ರೈವರನ್ನು ಕರೆಸಿ ಕಾರು ತೆಗೆಸಿದರು. 

ಅವರ ಕಾರಿನಲ್ಲೇ ಮನೆಯಿಂದ ಮನೆಗೆ ಹೋದೆವು. ಜಯಂತಿಭಾಯಿ ತಂತಿ ಇಳಿಸುವಾಗ ಮನೆಯವರನ್ನೆಲ್ಲ ಹೊರಗೆ ಕಳಿಸುತ್ತಿದ್ದರು. ಕೆಲವು ಬ್ರಿಡ್ಜುಗಳು ಗಟ್ಟಿಯಾಗಿದ್ದವು. ಹೆಚ್ಚಿನವುಗಳ ಹಿಂದೆ ಕಾರ್ಡು ತೂರುತ್ತಿತ್ತು. ಸಂಜೆಯ ಹೊತ್ತಿಗೆ ಹದಿನಾರು ಮುಗಿದವು. ಹದಿನೇಳನೆಯ ಮನೆಗೆ ಬೀಗ. ಸಮುದ್ರ ನೋಡಲು ಬೆಳಿಗ್ಗೆಯೇ ಕಾರಿನಲ್ಲಿ ಹೋದರು, ಹುಡುಗಿ ಗಿಟಾರನ್ನೂ ತೆಗೆದುಕೊಂಡು ಹೋದಳು ಎಂದರು ಪಕ್ಕದ ಮನೆಯವರು. ಅವರ ಮೊಬೈಲು ಹತ್ತುತ್ತಿರಲಿಲ್ಲ.

ಮೂವರೂ ಮೆಟ್ಟಿಲ ಮೇಲೆ ಕುಳಿತೆವು. ಎದುರಿಗೆ ನಿಂತಿದ್ದ ಕಾರುಗಳ ತಗಡು ಇನ್ನೂ ಕಾವು ಬಿಡುತ್ತಿತ್ತು. ಕಂಡಿರದ ಆ ಹುಡುಗಿಗೆ ನನ್ನ ಮನಸ್ಸು ವಿಭಾಳ ಮುಖವನ್ನೇ ಕೊಟ್ಟಿತ್ತು, ಬೇಡವೆಂದರೂ. ಕಾರು ನಿಂತ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಜಯಂತಿಭಾಯಿ ಕಣ್ಣು ಮುಚ್ಚಿ ತುಟಿಯಲ್ಲೇ ಜಪ ಮಾಡುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. ಹುಡುಗಿ ಮೊದಲು ಇಳಿದಳು. ಅತ್ತು ಕೆಂಪಾದ ಎರಡೂ ಕಣ್ಣು ನೆಟ್ಟಗಿದ್ದವು. ಡಿಕ್ಕಿಯಲ್ಲಿಟ್ಟ ಪೆಟ್ಟಿಗೆಯೊಳಗೇ ಬ್ರಿಡ್ಜ್ ಕಿತ್ತುಹೋಗಿ ಮುಖದ ಹಲಗೆಯ ಚಕ್ಕೆ ಎದ್ದಿತ್ತು. ಗಿಟಾರು ಒಡೆದುಹಾಕಿದಳೆಂದು ಅವಳಿಗೆ ಅಪ್ಪನ ಬೈಗುಳ ಬೇರೆ ಬಿದ್ದಿತ್ತು. ತಪ್ಪು ಅವಳದಲ್ಲ, ನನ್ನದೆಂದು ಆ ಅಪ್ಪನಿಗೆ ಹೇಳಿದೆ.

ವಟ್ವಾಕ್ಕೆ ಮರಳಿ ಮೊದಲ ಪತ್ರವನ್ನು ಹಿಂತೆಗೆದುಕೊಂಡೆನೆಂದು ಎರಡನೆಯದನ್ನು ಬರೆದೆ. ಮ್ಯಾನೇಜರ್ ನನಗೊಂದು ಮೆಮೋ ಕೊಟ್ಟರು. ಆ ವರ್ಷದ ಬಡ್ತಿ ಕೈತಪ್ಪಿತು. ನಾಲ್ಕು ಬಗೆಯ ಅಂಟನ್ನು ಒಂದು ತಿಂಗಳು ಬಿಸಿಯಲ್ಲಿ ತೂಕ ಕಟ್ಟಿ ನೇತುಹಾಕಿದೆ. ಬಿಳಿಯದು ಮೊದಲ ದಿನವೇ ಬಿತ್ತು. ಸಾಮಾನ್ಯ ಎಪಾಕ್ಸಿಯೂ ಮೆತ್ತಗಾಯಿತು. ಕದಲದೆ ನಿಂತವು ಎರಡೇ: ಸರೇಸ್, ಮತ್ತು ಪ್ಲೈವುಡ್ಡಿಗೆ ಬಳಸುವ ಯೂರಿಯಾ ರಾಳ. ಬಿಸಿ ನೀರು ತಾಗಿಸಿದರೆ ಸರೇಸಿನ ಜೋಡಣೆ ಬಿಚ್ಚಿಕೊಳ್ಳುತ್ತದೆ, ಮುಂದೆ ದುರಸ್ತಿ ಮಾಡಬಹುದು. ಯೂರಿಯಾ ಒಮ್ಮೆ ಕೂತರೆ ಬಿಚ್ಚುವ ಮಾತೇ ಇಲ್ಲ. ಅದರ ಘಾಟೂ ಕಣ್ಣಿಗೆ ಒಳ್ಳೆಯದಲ್ಲ. ಇದಿಷ್ಟನ್ನೂ ಜಯಂತಿಭಾಯಿಗೆ ಹೇಳಿದೆ. ಈ ಸಲ ಯಾವುದು ಸೂಕ್ತ ಎಂದು ನಾನು ಹೇಳಲಿಲ್ಲ.

ಅವರು ಯೂರಿಯಾ ಇರಲಿ ಎಂದರು. "ಬಿಚ್ಚೋಕಾಗಲ್ಲ ಅಂದ್ರೆ ಮೊದಲ ಸಲವೇ ಸರಿಯಾಗಿ ಕೂರಿಸ್ತೀನಿ. ಠಾಕೂರ್‌ಜಿಗೂ ತೊಂದರೆ ಇಲ್ಲ, ಮಕ್ಕಳಿಗೂ ಇಲ್ಲ." ಬಾಗಿಲು ತೆರೆದಿಟ್ಟು, ಮೂಗಿಗೆ ಬಟ್ಟೆ ಕಟ್ಟಿ ಕೆಲಸ ಮಾಡಲು ಒಪ್ಪಿದರು. ಹತ್ತೊಂಬತ್ತು ಬ್ರಿಡ್ಜುಗಳನ್ನೂ ಹಳೆಯ ಅಂಟು ಕೆರೆದು ಹೊಸದಾಗಿ ಕೂರಿಸಲು ಅವರಿಗೆ ದೀಪಾವಳಿಯವರೆಗೆ ಹಿಡಿಯಿತು. ಆಮೇಲೆ ಒಂದೂ ಏಳಲಿಲ್ಲ.

ನಾನು ನಿವೃತ್ತಿಯಾಗುವವರೆಗೆ ಇನ್ನೂ ಎಷ್ಟೋ ಪತ್ರಗಳಿಗೆ ಸಹಿ ಮಾಡಿದೆ. ಸುಲಭವಾಗಿ ಮಾಡಿದ್ದು ಒಂದೂ ಇಲ್ಲ. ವಸ್ತು ನನ್ನ ಮೇಜಿನ ಮೇಲೆ, ಫ್ಯಾನಿನ ಕೆಳಗೆ, ನನ್ನ ಕಣ್ಣೆದುರು ಇರುವಾಗ ಹೇಗಿರುತ್ತದೆ ಎಂಬುದನ್ನು ಯಂತ್ರ ಹೇಳುತ್ತದೆ. ಅದು ಬೇರೊಬ್ಬರ ಮನೆಯಲ್ಲಿ, ಬೇರೊಬ್ಬರ ಮಗುವಿನ ಮುಖದ ಹತ್ತಿರ, ಯಾರೂ ನೋಡದ ಹೊತ್ತಿನಲ್ಲಿ ಏನು ಮಾಡುತ್ತಿರುತ್ತದೆ ಎಂಬುದನ್ನು ಹೆದರುವವರೇ ಕೇಳಿಕೊಳ್ಳಬೇಕು. ಆ ಹೆದರಿಕೆ ಹೋಗಲಿ ಎಂದು ನಾನು ಯಾವತ್ತೂ ಬಯಸಲಿಲ್ಲ.