ಅಡುಗೆಯವಳ ಮಗ

ಆ ಪುಸ್ತಕದಲ್ಲಿ ಬರೆದದ್ದು ಸುಳ್ಳು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡವಳು ಬೇಗಂ ಅಲ್ಲ, ಬೇಗಂಳ ಅಡುಗೆಯವಳು. ಅದನ್ನು ಬರೆದವ ನನ್ನ ತಂಗಿಯ ಮಗ. ಸತ್ತ ಹುಡುಗನನ್ನು ಹೆತ್ತವಳಿಂದ ಕಿತ್ತು ಒಡತಿಗೆ ಕೊಟ್ಟುಬಿಟ್ಟ.

ಹೋದ ತಿಂಗಳು ಮೊಮ್ಮಗಳು ಅದನ್ನು ಓದಿ ಕಣ್ಣೊರೆಸಿಕೊಳ್ಳುತ್ತ ಬಂದಳು. "ಆಯಿ, ಆ ಬೇಗಂ ನಿನ್ನ ಮನಿಯಾಗೇ ಇದ್ದಳಂತಲ್ಲ, ಪಾಪ!" ಎಂದಳು. ಪಾಪ ಎನ್ನಬೇಕಾದದ್ದು ಯಾರಿಗೆ ಎಂದು ಹೇಳಿದೆ. "ಇದನ್ನ ಬರದಿಡು" ಎಂದಳು. ನಾನು ಕಲಿತದ್ದು ಮೂರನೆಯ ಇಯತ್ತೆ. ಆದರೂ ಬರೆಯುತ್ತೇನೆ.

ಆಗ ಆಳಂದದಲ್ಲಿ ನನ್ನದೊಂದು ಖಾನಾವಳಿ ಇತ್ತು. ಮುಂದಿನ ಪಡಸಾಲೆಯಲ್ಲಿ ಊಟ, ಹಿಂದೆ ಬಾಡಿಗೆಗೆ ಕೊಡುವ ಎರಡು ಖೋಲಿ. ಅಫಘಾನಿಸ್ತಾನದಲ್ಲಿ ರಷ್ಯದ ಫೌಜು ಇನ್ನೂ ಇದ್ದ ಕಾಲ. ರೇಡಿಯೋದಲ್ಲಿ ಕಾಬೂಲಿನ ಸುದ್ದಿ ಬರುತ್ತಿತ್ತು, ನಾವು ಕೇಳಿ ಮರೆಯುತ್ತಿದ್ದೆವು. ಒಂದು ಚಳಿಗಾಲ ಆ ಕಾಬೂಲೇ ನಮ್ಮ ಹಿತ್ತಲಿಗೆ ಬಂತು. ಗಂಡ, ಹೆಂಡತಿ, ಜೊತೆಗೊಬ್ಬ ಹೆಂಗಸು. ಗಂಡನಿಗೆ ಕಾಯಿಲೆ, ಔಷಧ ಸೊಲ್ಲಾಪುರದಲ್ಲಿ, ಹರಕೆ ನಮ್ಮೂರ ದರ್ಗಾದಲ್ಲಿ. ಓಣಿಯವರೆಲ್ಲ ಗಂಡನನ್ನು ಸಾಹೇಬ, ಹೆಂಡತಿಯನ್ನು ಬೇಗಂ ಎಂದರು. ಜೊತೆಗಿದ್ದವಳನ್ನು ನಾನು ಅವಳ ಅಕ್ಕ ಎಂದುಕೊಂಡೆ.

ನಮ್ಮ ಖಾನಾವಳಿಯಲ್ಲಿ ಬಂದವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಿದ್ದರು. ನನ್ನ ಮಾವನ ಕಾಲದಿಂದ ನಡೆದು ಬಂದದ್ದು. ಮೊದಲ ದಿನ ಇಬ್ಬರು ಹೆಂಗಸರಿಗೂ ಪಕ್ಕಪಕ್ಕ ತಾಟು ಹಾಕಿದೆ. ಬೇಗಂ ಕೂರಲಿಲ್ಲ. ಇನ್ನೊಬ್ಬಳು ತನ್ನ ತಾಟು ಎತ್ತಿಕೊಂಡು ಹೊಸ್ತಿಲ ಹೊರಗೆ ಹೋದಳು. ಆಮೇಲೆ ಬೇಗಂ ಕೂತಳು. ಆಗ ತಿಳಿಯಿತು, ಅಕ್ಕ ಅಲ್ಲ, ಆಳು. ನನಗದು ಹೊಸದೂ ಅಲ್ಲ. ವಚನ ಹೇಳುವ ಎಷ್ಟೋ ಮನೆಗಳ ಹೊರಗೂಡಿನಲ್ಲಿ ಕಟ್ಟಿಗೆ ತರುವವಳಿಗೆಂದು ಬೇರೆ ಚಹಾದ ಕಪ್ಪು ಇರುತ್ತಿತ್ತು. ದೇಶ ಬಿಟ್ಟು ಓಡುವಾಗಲೂ ಜನ ಆ ಕಪ್ಪನ್ನು ಕಟ್ಟಿಕೊಂಡೇ ಬರುತ್ತಾರೆ ಎಂದು ಮಾತ್ರ ಗೊತ್ತಿರಲಿಲ್ಲ.

ಅಡುಗೆಯವಳಿಗೆ ಸುಮ್ಮನೆ ಕೂರುವುದು ಆಗುತ್ತಿರಲಿಲ್ಲ. ನನ್ನ ಒಲೆಯ ಮುಂದೆ ಬಂದು ಕೂತಳು. ಅವಳ ಕೈ ಗೋಧಿಯದು. ಜೋಳದ ಹಿಟ್ಟು ಅವಳ ಮಾತು ಕೇಳಲೊಲ್ಲದು. ರೊಟ್ಟಿ ಬಡಿದರೆ ಅಂಚು ಸೀಳುತ್ತಿತ್ತು. "ನಿಮ್ಮ ಹಿಟ್ಟಿಗೆ ಬಹಳ ಸೊಕ್ಕು" ಎನ್ನುತ್ತಿದ್ದಳು. ಕಾಬೂಲು ಬಿಟ್ಟು ಮೊದಲು ಬಂದಿಳಿದ ಡೆಲ್ಲಿಯಲ್ಲಿ ಕಲಿತ ಮುರುಕು ಹಿಂದಿ ಅವಳದು, ನನ್ನದು ದರ್ಗಾದ ಓಣಿಯ ಉರ್ದು. ಎರಡೂ ಸೇರಿ ನಮ್ಮ ಕೆಲಸ ನಡೆಯುತ್ತಿತ್ತು.

ತಂಗಿಯನ್ನು ಕೊಟ್ಟದ್ದು ಜೇವರ್ಗಿ ಕಡೆಯ ಕೊಳಕೂರಿಗೆ. ಅವಳ ಮಗ ನನ್ನ ಮನೆಯಲ್ಲೇ ಇದ್ದು, ನನ್ನ ರೊಟ್ಟಿ ತಿಂದು ಕಾಲೇಜು ಮುಗಿಸಿದವ. ಅಫಜಲಪುರದಲ್ಲಿ ಮಾಸ್ತರಿಕೆ, ಜೊತೆಗೆ ಕಥೆ ಬರೆಯುವ ಹವ್ಯಾಸ. ಕಾಬೂಲಿನವರು ಬಂದಿದ್ದಾರೆ ಎಂದು ತಿಳಿದದ್ದೇ ತಡ, ಪ್ರತಿ ಆದಿತ್ಯವಾರ ಬಸ್ ಹತ್ತಿ ಬರತೊಡಗಿದ. ಬೇಗಂಳಿಗೆ ಇಂಗ್ಲಿಷ್ ಬರುತ್ತಿತ್ತು. ಪಡಸಾಲೆಯಲ್ಲಿ ಇಬ್ಬರೂ ಕುರ್ಚಿ ಹಾಕಿಕೊಂಡು ಮಾತಾಡುತ್ತಿದ್ದರು. ಆಮೇಲೆ ಅವನು ಅಡುಗೆಮನೆಗೆ ಬಂದು ಡಬ್ಬಿಯ ಮೇಲೆ ಕೂರುತ್ತಿದ್ದ. ಅವನಿಗೆ ಉರ್ದು ಬಾರದು. ಅಡುಗೆಯವಳು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ.

ಅವಳು ಹೇಳಿದ್ದು ಇಷ್ಟು. ಸರಕಾರದ ಫೌಜಿನವರು ಹರೆಯದ ಹುಡುಗರನ್ನು ಹಿಡಿದೊಯ್ಯುತ್ತಿದ್ದರು. ಬೇಗಂಳ ಮಗನ ಸರದಿ ಬಂತು. ಸಾಹೇಬ ಅಡುಗೆಯವಳ ಮಗನನ್ನು ತನ್ನ ಮಗನ ಹೆಸರಿನಲ್ಲಿ ಕಳಿಸಿದ. ಬೇಗಂಳ ಮಗ ಪರದೇಶಕ್ಕೆ ಓದಲು ಹೋದ, ಇವಳ ಮಗ ಬೆಟ್ಟದಲ್ಲಿ ಸತ್ತ. ಸತ್ತದ್ದೂ ಇನ್ನೊಬ್ಬನ ಹೆಸರಿನಲ್ಲೇ.

ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವಳು ನನ್ನ ಮೊಣಕೈ ಹಿಡಿದಳು. "ಬರೆಸು. ಅವರ ಮಗನ ಬದಲು ನನ್ನ ಮಗ ಹೋದ ಅಂತ ಬರೆಸು. ಬೇರೆ ಏನೂ ಬೇಡ."

ನಾನು ಅದನ್ನು ಅವನಿಗೆ ಕನ್ನಡದಲ್ಲಿ ಹೇಳಿದೆ. "ತಿಳೀತಿಲ್ಲೋ? ಇದನ್ನ ಬಿಡಬ್ಯಾಡ."

"ಇದನ್ನ ಬಿಟ್ರ ಕಥಿನೇ ಇಲ್ಲ ದೊಡ್ಡವ್ವ" ಎಂದ. ಅವನ ಕಣ್ಣುಗಳು ಒದ್ದೆಯಾಗಿದ್ದವು. ನಾನು ಆ ಕಣ್ಣು ನಂಬಿದೆ.

ಮರುವರ್ಷ ಪುಸ್ತಕ ಬಂತು. ಅಷ್ಟರಲ್ಲಿ ಸಾಹೇಬ ಚೇತರಿಸಿಕೊಂಡು, ಡೆಲ್ಲಿಗೆ ಹೊರಡುವ ತಯಾರಿ ನಡೆದಿತ್ತು. ಪುಸ್ತಕ ಕಂಡಂದಿನಿಂದ ಅಡುಗೆಯವಳು ದಿನವೂ ಕೇಳುತ್ತಿದ್ದಳು: "ಅದರಲ್ಲಿ ನನ್ನ ಮಗ ಎಲ್ಲಿದ್ದಾನೆ? ಆ ಹಾಳೆ ತೋರಿಸು." "ಓದಿ ಹೇಳ್ತೀನಿ ತಡಿ" ಎನ್ನುತ್ತಿದ್ದೆ. ಬೆರಳಿಟ್ಟು ಓದುವವಳು ನಾನು. ಓದಿ ಮುಗಿಯುವ ಹೊತ್ತಿಗೆ ಅವರು ಹೊರಡಲು ಒಂದೇ ದಿನ ಉಳಿದಿತ್ತು.

ಪುಸ್ತಕದಲ್ಲಿ ಒಬ್ಬಳೇ ಹೆಂಗಸು, ಬೇಗಂ. ಒಬ್ಬನೇ ಮಗ, ಯುದ್ಧದಲ್ಲಿ ಸತ್ತವ. ಅಡುಗೆಯವಳು ಇಲ್ಲವೇ ಇಲ್ಲ. ಒಲೆಯ ಮುಂದೆ ಸುಟ್ಟುಕೊಂಡ ಅವಳ ಬೆರಳುಗಳನ್ನೂ ಬೇಗಂಳಿಗೇ ಹಚ್ಚಿದ್ದ. ಆ ಬೇಗಂ ನನ್ನ ಮನೆಯಲ್ಲಿದ್ದಷ್ಟು ದಿನ ಹಿಟ್ಟು ಮುಟ್ಟಿದ್ದನ್ನು ಒಮ್ಮೆಯೂ ನೋಡಿಲ್ಲ.

ಆ ಆದಿತ್ಯವಾರ ಅವನು ಉಣ್ಣಲು ಕೂತಾಗ ಕೇಳಿದೆ.

"ಇದರಾಗ ಯಾರ ಮಗ ಸತ್ತಾನಲೇ?"

"ಕಥಿ ಅದು ದೊಡ್ಡವ್ವ. ಕಥಿಯಾಗ ಸ್ವಲ್ಪ ಬದಲಿ ಮಾಡ್ತಾರ."

"ಬದಲಿ ಮಾಡೂದಿದ್ರ ಊರ ಬದಲಿ ಮಾಡು, ಉಟ್ಟ ಅರಿವಿ ಬದಲಿ ಮಾಡು. ಹಡದಾಕಿನ್ನ ಹೆಂಗ ಬದಲಿ ಮಾಡಿದಿ?"

"ಇಬ್ಬರು ಹೆಣ್ಮಕ್ಕಳು ಬಂದ್ರ ಓದೋರ ಮನಸು ಹಂಚಿ ಹೋಗ್ತದ. ಒಬ್ಬಾಕಿ ಮ್ಯಾಲ ನಿಲ್ಲಬೇಕು."

"ಹಂಗಾರ ಅಡಗಿಯಾಕಿನ್ನ ಇಟ್ಟು ಬೇಗಮ್‌ನ ತಗೀಬೇಕಿತ್ತು."

ಅವನು ತುತ್ತು ಕೈಯಲ್ಲೇ ಹಿಡಿದು ನಕ್ಕ. "ಬೇಗಂ ಅಂದ್ರ ಓದೋರಿಗೆ ಒಂದು ಚಿತ್ರ ಕಾಣ್ತದ. ಒಲಿ ಮುಂದ ಕುಂತಾಕಿ ಎಲ್ಲಾ ಊರಾಗೂ ಇರ್ತಾಳ. ಮತ್ತ ಬೇಗಮ್ಮೇ ಹೇಳ್ಯಾರ, ಆ ಹುಡುಗ ನಮ್ಮ ಮನಿ ಮಗ ಅಂತ."

"ಮನಿ ಮಗ ಅಂದಾಕಿ ತನ್ನ ಮಗನ್ನ ಯಾಕ ಕಳಿಸಲಿಲ್ಲ ಅಂತ ಕೇಳಿದೇನು?"

ಅವನು ತಾಟು ಸರಿಸಿದ. "ನಿನಗ ಸಾಹಿತ್ಯ ತಿಳಿಯಂಗಿಲ್ಲ ಬಿಡು" ಎಂದು ಕೈತೊಳೆದು ಹೋದ. ನಾನು ಸಾಕಿದ ಹುಡುಗ. ಅವನ ಮಾತು ನನಗೆ ಚುಚ್ಚಲಿಲ್ಲ. ಅಂದಿನ ಆ ಒದ್ದೆ ಕಣ್ಣುಗಳೇ ಚುಚ್ಚಿದವು.

ಆಮೇಲಿನ ವರ್ಷಗಳಲ್ಲಿ ಆ ದೇಶದ ಬೇರೆ ಕಥೆಗಳನ್ನೂ ಓದಿಸಿಕೊಂಡು ಕೇಳಿದ್ದೇನೆ. ಬೆಟ್ಟ ಬರುತ್ತದೆ, ಬಂದೂಕು ಬರುತ್ತದೆ, ಕಣ್ಣಷ್ಟೇ ಕಾಣುವ ಹೆಂಗಸು ಬರುತ್ತಾಳೆ. ಆ ಮನೆಗಳಲ್ಲಿ ಹಿಟ್ಟು ನಾದುವವರು ಯಾರು, ಯಾರ ಬದಲು ಯಾರು ಸತ್ತರು, ನಾನು ಕೇಳಿದವುಗಳಲ್ಲಿ ಅದು ಬರಲಿಲ್ಲ. ಎಲ್ಲೋ ಬರೆದಿದ್ದರೆ ಒಳ್ಳೆಯದು.

ಆ ಆದಿತ್ಯವಾರದ ಮರುದಿನ ಬೆಳಿಗ್ಗೆ ಅವರ ಬಸ್ಸು. ಅಡುಗೆಯವಳು ದಾರಿಗೆಂದು ರೊಟ್ಟಿ ಮಾಡಲು ಎಂದಿನಂತೆ ಒಲೆಯ ಮುಂದೆ ಬಂದಳು. "ಇವತ್ತಾದರೂ ಆ ಹಾಳೆ ತೋರಿಸು" ಎಂದಳು.

"ಅವನು ಇದರಲ್ಲಿಲ್ಲ" ಎಂದೆ. "ನಿನ್ನ ಮಗನನ್ನು ಬೇಗಂಳ ಮಗ ಅಂತ ಬರೆದಿದ್ದಾರೆ. ನೀನೂ ಇಲ್ಲ."

ಅವಳು ಹಿಟ್ಟಿನಿಂದ ಕೈ ತೆಗೆದಳು. ಆಮೇಲೆ ನನ್ನನ್ನು ನೋಡಿದಳು. "ನೀನು ಆ ಬರೆಯುವವನಿಗೆ ಏನು ಹೇಳಿದೆ?"

"ನೀನು ಹೇಳಿದ್ದನ್ನೇ."

"ನಿಮ್ಮ ಮಾತು ನನಗೆ ಬರುವುದಿಲ್ಲ" ಎಂದಳು. "ನೀನು ಏನು ಹೇಳಿದೆಯೋ, ನನಗೇನು ಗೊತ್ತು?"

ನಾನು ಬಸವಣ್ಣನ ಆಣೆ ಇಟ್ಟೆ. ಬಸವಣ್ಣ ಯಾರೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಎದ್ದು ಕೈ ಝಾಡಿಸಿಕೊಂಡು ಹೋದಳು.

ರೊಟ್ಟಿ ನಾನೇ ಮಾಡಿದೆ. ಶೇಂಗಾಹಿಂಡಿ ಇಟ್ಟು ಬಟ್ಟೆಯಲ್ಲಿ ಕಟ್ಟಿ, ಬಸ್‌ಸ್ಟ್ಯಾಂಡಿಗೆ ಹೋಗಿ ಕಿಟಕಿಯಿಂದ ಚಾಚಿದೆ. ಅಡುಗೆಯವಳು ಮುಖ ತಿರುಗಿಸಿದಳು. ಪಕ್ಕದಿಂದ ಬೇಗಂ ಕೈ ಚಾಚಿ, "ಶುಕ್ರಿಯಾ" ಎಂದು ಗಂಟು ತೆಗೆದುಕೊಂಡಳು. ನಾನು ಬಸ್ಸಿನೊಳಗೆ ಹತ್ತಿ ಹೋಗಿ, ಗಂಟನ್ನು ಬೇಗಂಳ ಕೈಯಿಂದ ಕಿತ್ತುಕೊಂಡು, ಅಡುಗೆಯವಳ ತೊಡೆಯ ಮೇಲೆ ಇಟ್ಟು ಇಳಿದು ಬಂದೆ.