ಗೇಟಿನಲ್ಲಿ ಮೂರು ದಿನ

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂದು ಜಯತೀರ್ಥರು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಿದ್ದರು. ತೆಲುಗು ಸೀಮೆಯ ಕುಷಾಯಿಗೂಡದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು, ಸ್ವಯಂನಿವೃತ್ತಿ ಪಡೆದು, ಐವತ್ತೆರಡರಲ್ಲಿ ಉಪ್ಪಲ್‌ನ ಸಣ್ಣ ಕಂಪನಿಯೊಂದಕ್ಕೆ ಸೇರಿ ಎಕ್ಸ್‌ಕ್ವೆರಿ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದರು. ಅದು ೨೦೦೮. ಊರೆಲ್ಲ ಐಟಿ ಐಟಿ ಎಂದು ಕುಣಿಯುತ್ತಿದ್ದರೆ ಇವರಿಗೆ ಬರೀ ಬೆನ್ನುನೋವು.

ಕಂಪನಿಯ ಪಕ್ಕದಲ್ಲೇ ಎರಡನೆಯ ಕಟ್ಟಡ ಏಳುತ್ತಿತ್ತು. ಕೆಲಸಕ್ಕೆ ಬಂದವರೆಲ್ಲ ರಾಯಚೂರು ಕಡೆಯವರು. ಅವರ ಗೇಟ್ ಪಾಸಿನ ಪ್ರೋಗ್ರಾಂ ಬರೆದವರು ಜಯತೀರ್ಥರೇ. ಕಾವಲಿನವನು ಪಟ್ಟಿಯಲ್ಲಿ ಹೆಸರು ಒತ್ತಿದರೆ, ಆ ಹೆಸರೇ ವಿಳಾಸವಾಗಿ, ಒಳಗಿಟ್ಟ ಕಡತ ಫೋಟೋ ಸಮೇತ ತೆರೆದುಕೊಳ್ಳಬೇಕು. ಕಡತ ಸಿಗದಿದ್ದರೆ 'ಪಾಸ್ ಇಲ್ಲ' ಎಂದು ಬರುತ್ತಿತ್ತು. ಬಂದರೆ ಮುಗಿಯಿತು, ಆಚೆ ನಡಿ!

ಆ ಬೆಳಿಗ್ಗೆ ಗೇಟಿನ ಬಳಿಯ ಕಲ್ಲಿನ ಮೇಲೆ ಖಾಲಿ ಬುಟ್ಟಿ ಹಿಡಿದು ಕೂತವಳೊಬ್ಬಳು ಇವರ ಬಾಯಲ್ಲಿ ಕನ್ನಡ ಕೇಳಿ ಎದ್ದು ಬಂದಳು. ಹೆಸರು ಸುಗಲಮ್ಮ.

"ಮೂರು ದಿನಾ ಆತ್ರಿ ಯಪ್ಪಾ, ಒಳಗ ಬಿಡವಲ್ರು. ಇವತ್ತು ಮಧ್ಯಾಹ್ನದೊಳಗ ಬರಲಿಲ್ಲಂದ್ರ ಮೇಸ್ತ್ರಿ ನನ್ನ ಜಾಗಕ್ಕ ಬ್ಯಾರೇದಾಕೀನ ತಗೋತಾನಂತ."

"ಪಾಸ್ ಮಾಡಿಸೀದಿ ಇಲ್ಲವಾ?"

"ಫೋಟೋ ಸೈತ ಕೊಟ್ಟೀನ್ರಿ."

ಮೇಲೆ ಹೋಗಿ ಕೇಳಿದರೆ, ಮಗನ ವಯಸ್ಸಿನ ಮೇಲಧಿಕಾರಿ ಉಪೇಂದ್ರ ತಲೆಯನ್ನೂ ಎತ್ತಲಿಲ್ಲ. "ಎರರ್ ಒಂದೂ ಬಂದಿಲ್ಲ ಸರ. ಆಕೀನೇ ಸುಳ್ಳು ಹೇಳಾಕತ್ತಾಳ."

ಜಯತೀರ್ಥರು ಕಡತಗಳನ್ನು ಕೆದಕಿದರು. ಸುಗಲಮ್ಮನ ಕಡತ ಇತ್ತು! 'ಸುಗಲಮ್ಮ W/o ಹುಸೇನಪ್ಪ'. ಒಂದೇ ಹೆಸರಿನ ಎರಡನೆಯವರು ಬಂದರೆ ಮಾತ್ರ ಮೇಸ್ತ್ರಿ ಗಂಡನ ಹೆಸರೋ ತಂದೆಯ ಹೆಸರೋ ಸೇರಿಸಿ ಬರೆಸುತ್ತಿದ್ದ. ಅಂಥದ್ದು ಬಂದಿದ್ದು ಇದೇ ಮೊದಲು. W ಮತ್ತು o ನಡುವಿನ ಓರೆಗೆರೆಯೇ ಕೈಕೊಟ್ಟಿತ್ತು. ವಿಳಾಸದಲ್ಲಿ ಓರೆಗೆರೆ ಬಂದರೆ ಅದು ಬಾಗಿಲಿದ್ದಂತೆ. ಅದನ್ನು ದಾಟಿ ಮುಂದಿನ ಕೋಣೆಗೆ ಹೋಗು ಎಂದರ್ಥ. ಇಲ್ಲವೇ ಇಲ್ಲದ ಕೋಣೆಯೊಂದರಲ್ಲಿ ಕಂಪ್ಯೂಟರ್ ಸುಗಲಮ್ಮನನ್ನು ಹುಡುಕುತ್ತಿತ್ತು.

ತಪ್ಪು ಜಯತೀರ್ಥರದೇ. ಬರೀ ಅಕ್ಷರಗಳ ಸ್ಟ್ರಿಂಗನ್ನು ಯುಆರ್‌ಐ, ಅಂದರೆ ವಿಳಾಸ, ಮಾಡು ಎಂದು ಒಂದೇ ಸಾಲಿನಲ್ಲಿ ಬರೆದು ಕೈ ತೊಳೆದುಕೊಂಡಿದ್ದರು. ಆ ಸಾಲಿಗೆ ಏನು ಕೊಟ್ಟರೂ ಹೂಂ ಅನ್ನುತ್ತದೆ, ಸರಿ ತಪ್ಪು ನೋಡುವುದಿಲ್ಲ. ಎರರ್ ಎಲ್ಲಿಂದ ಬರಬೇಕು? ಕಡತ ಇಡುವಾಗಲೇನೋ ಹೆಸರಿನ ಓರೆಗೆರೆ ಬಾಗಿಲಾಗದಂತೆ ಅದರ ಬದಲು %2F ಎಂಬ ಸಂಕೇತ ಹಾಕಿದ್ದರು. ಹುಡುಕುವ ಕಡೆ ಹಾಕಿರಲಿಲ್ಲ.

"W/o ತೆಗೆದು ಬಿಡ್ರಿ ಸರ, ಬರೇ ಸುಗಲಮ್ಮ ಅಂತ ಇರಲಿ," ಎಂದ ಉಪೇಂದ್ರ.

"ಇಬ್ಬರು ಸುಗಲಮ್ಮ ಅದಾರಪ್ಪಾ. ಒಬ್ಬಾಕೀ ಪಾಸಿಗೆ ಇನ್ನೊಬ್ಬಾಕೀ ಮಾರಿ ಬರ್ತದ."

ಮೊದಲು ಹೆಸರಿಗೆ ಮಾತ್ರ ಸಂಕೇತ ಹಾಕಿ, ಆಮೇಲೆ ಕಡತವಿರುವ ದಾರಿಗೆ ಜೋಡಿಸಿ, ಕೊನೆಗೆ ಯುಆರ್‌ಐ ಮಾಡಿದರು. ಒಂದು ಸಾಲಿನ ತಿದ್ದುಪಡಿ. ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಮೆಟ್ಟಿಲಿಳಿದು ಏದುಸಿರು ಬಿಡುತ್ತ ಗೇಟಿಗೆ ಬಂದರು. ಕಾವಲಿನವನು ಹೆಸರು ಒತ್ತಿದ. ಸುಗಲಮ್ಮನ ಮುಖ ಪರದೆಯ ಮೇಲೆ ಬಂತು.

"ತಪ್ಪು ನಂದವಾ. ಒಂದು ಸಾಲು ಬರಿಯೂದು ಬಿಟ್ಟಿದ್ದೆ," ಎಂದರು.

ಅವಳು ಬುಟ್ಟಿಯನ್ನು ಸೊಂಟಕ್ಕೇರಿಸಿದಳು. ಸಿಟ್ಟೇನೂ ಇರಲಿಲ್ಲ, ಸಿಟ್ಟು ಮಾಡುವಷ್ಟು ತ್ರಾಣವೂ ಇದ್ದಂತಿರಲಿಲ್ಲ.

"ಇಷ್ಟರಾಗ ಆಗೂದಿತ್ತಂದ್ರ, ಮೂರು ದಿನಾ ನನ್ನ ಯಾಕ ಕುಂದ್ರಿಸಿದ್ರಿ ಯಪ್ಪಾ?"

ಅವಳು ಒಳಗೆ ಹೋದಳು. ಜಯತೀರ್ಥರು ಅವಳು ಕೂತಿದ್ದ ಕಲ್ಲಿನ ಮೇಲೆಯೇ ಸ್ವಲ್ಪ ಹೊತ್ತು ಕೂತರು. ಬಿಸಿಲಿಗೆ ಅದು ಕಾದು ಸುಡುತ್ತಿತ್ತು.